ವಿಡಿಯೊ ಎನ್‌ಕೋಡಿಂಗ್: ತಂತ್ರಾಂಶ ಮತ್ತು ಫಿಲ್ಟರ್‌ಗಳನ್ನು ಆರಿಸುವ ಬಗೆ

ಮೊಬೈಲಿನಲ್ಲಿ ತೆಗೆದ ವಿಡಿಯೊ ಟಿವಿಯಲ್ಲಿ ತೆರೆಯುವುದಿಲ್ಲ. ಹತ್ತು ನಿಮಿಷದ ದೃಶ್ಯವೊಂದನ್ನು ಕಳುಹಿಸಲು ಹೋದರೆ ಗಾತ್ರ ಮಿತಿಮೀರಿದೆ ಎಂಬ ಸೂಚನೆ ಬರುತ್ತದೆ. ಹಳೆಯ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿಕೊಂಡರೆ ಓಡಾಡುವವರ ಮೈಯಂಚಿನಲ್ಲೆಲ್ಲ ಅಡ್ಡಗೆರೆಗಳು ಕಾಣಿಸುತ್ತವೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಕೇಳುವುದು ಯಾವ ತಂತ್ರಾಂಶ ಒಳ್ಳೆಯದು ಎಂದು. ಆದರೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಕೈಯಲ್ಲಿರುವ ಕಡತ ಯಾವ ಬಗೆಯದು ಎಂಬುದರ ಮೇಲೆ ಫಿಲ್ಟರ್‌ಗಳು ನಿರ್ಧಾರವಾಗುತ್ತವೆ, ಅದು ಎಲ್ಲಿ ಓಡಬೇಕು ಎಂಬುದರ ಮೇಲೆ ಕೋಡೆಕ್, ಅಂದರೆ ಚಿತ್ರವನ್ನು ಕುಗ್ಗಿಸುವ ವಿಧಾನ, ನಿರ್ಧಾರವಾಗುತ್ತದೆ. ಇವೆರಡೂ ಸ್ಪಷ್ಟವಾದ ಮೇಲೆ ತಂತ್ರಾಂಶದ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ಆಗಿಬಿಡುತ್ತದೆ.

ಕಂಟೇನರ್ ಬೇರೆ, ಕೋಡೆಕ್ ಬೇರೆ

ಕಡತದ ಹೆಸರಿನ ಕೊನೆಯಲ್ಲಿರುವ ಎಂಪಿ4, ಎಂಕೆವಿ, ಎವಿಐ, ಎಂಒವಿ, ವೆಬ್‌ಎಂ ಎಂಬವು ಕಂಟೇನರ್‌ಗಳ ಹೆಸರುಗಳು. ಕಂಟೇನರ್ ಎಂದರೆ ಚಿತ್ರ, ಧ್ವನಿ, ಉಪಶೀರ್ಷಿಕೆಗಳನ್ನು ಒಟ್ಟಿಗೆ ಇಡುವ ಡಬ್ಬಿ. ಡಬ್ಬಿಯ ಮೇಲಿನ ಚೀಟಿ ನೋಡಿದ ಮಾತ್ರಕ್ಕೆ ಒಳಗೇನಿದೆ ಎಂಬುದು ಪೂರ್ತಿ ತಿಳಿಯುವುದಿಲ್ಲ. ಒಳಗಿರುವ ಚಿತ್ರವನ್ನು ಯಾವ ವಿಧಾನದಿಂದ ಕುಗ್ಗಿಸಲಾಗಿದೆ ಎಂಬುದನ್ನು ಹೇಳುವುದು ಕೋಡೆಕ್. ಎಚ್.264, ಎಚ್‌ಇವಿಸಿ, ವಿಪಿ9, ಎವಿ1 ಇವು ಕೋಡೆಕ್‌ಗಳು. ಎರಡು ಎಂಪಿ4 ಕಡತಗಳಲ್ಲಿ ಒಂದರೊಳಗೆ ಎಚ್.264, ಇನ್ನೊಂದರೊಳಗೆ ಎಚ್‌ಇವಿಸಿ ಇರಬಹುದು, ಹಳೆಯ ಟಿವಿಯೊಂದು ಮೊದಲನೆಯದನ್ನು ಓಡಿಸಿ ಎರಡನೆಯದನ್ನು ನಿರಾಕರಿಸಬಹುದು.

ಈ ವ್ಯತ್ಯಾಸ ತಿಳಿಯದೆ ಗಂಟೆಗಟ್ಟಲೆ ಕೆಲಸ ವ್ಯರ್ಥವಾಗುವುದುಂಟು. ಎಂಕೆವಿ ಕಡತ ಓಡುತ್ತಿಲ್ಲ, ಆದರೆ ಅದರೊಳಗಿನ ಚಿತ್ರ ಎಚ್.264ರಲ್ಲೂ ಧ್ವನಿ ಎಎಸಿ ಎಂಬ ಧ್ವನಿ ಕೋಡೆಕ್‌ನಲ್ಲೂ ಇದೆ ಎಂದಾದರೆ, ಅದನ್ನು ಹೊಸದಾಗಿ ಎನ್‌ಕೋಡ್ ಮಾಡಬೇಕಾದ, ಅಂದರೆ ಕೋಡೆಕ್ ಬಳಸಿ ಮತ್ತೆ ಕುಗ್ಗಿಸಬೇಕಾದ ಅಗತ್ಯವೇ ಇಲ್ಲ. ಒಳಗಿನದನ್ನು ಹಾಗೆಯೇ ತೆಗೆದು ಎಂಪಿ4 ಕಂಟೇನರಿಗೆ ಸೇರಿಸಿದರೆ ಸಾಕು. ಇದಕ್ಕೆ ರೀಮಕ್ಸಿಂಗ್ ಎನ್ನುತ್ತಾರೆ. ಇದರಲ್ಲಿ ಚಿತ್ರದ ಗುಣಮಟ್ಟ ಒಂದಿಷ್ಟೂ ಇಳಿಯುವುದಿಲ್ಲ, ದೊಡ್ಡ ಕಡತಕ್ಕೂ ಕೆಲವೇ ಕ್ಷಣ ಸಾಕಾಗುತ್ತದೆ. ಆದ್ದರಿಂದ ಯಾವುದೇ ಕೆಲಸಕ್ಕೆ ಮುನ್ನ ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಕಡತವನ್ನು ತೆರೆದು ನೋಡುವುದು ಒಳ್ಳೆಯದು. ಕೋಡೆಕ್, ಅಗಲ ಮತ್ತು ಎತ್ತರ, ಸೆಕೆಂಡಿಗೆ ಎಷ್ಟು ಫ್ರೇಮ್ (ಬಿಡಿ ಚಿತ್ರ), ಸ್ಕ್ಯಾನ್ ಪ್ರೊಗ್ರೆಸಿವ್ ಬಗೆಯದೋ (ಇಡೀ ಫ್ರೇಮ್ ಒಂದೇ ಸಲಕ್ಕೆ) ಇಂಟರ್‌ಲೇಸ್ಡ್ ಬಗೆಯದೋ (ಎರಡು ಅರ್ಧಗಳಲ್ಲಿ), ಬಣ್ಣಕ್ಕೆ 8 ಬಿಟ್ಟೋ 10 ಬಿಟ್ಟೋ ಎಂಬೆಲ್ಲ ವಿವರ ಅಲ್ಲಿ ಸಿಗುತ್ತದೆ. ಮುಂದೆ ಬರುವ ಪ್ರತಿಯೊಂದು ನಿರ್ಧಾರಕ್ಕೂ ಈ ಐದಾರು ಸಾಲುಗಳೇ ಆಧಾರ.

ಗಾತ್ರ ಕುಗ್ಗುವುದು ಹೇಗೆ

1920×1080 ಪಿಕ್ಸೆಲ್‌ಗಳ ಒಂದು ಫ್ರೇಮಿನಲ್ಲಿ ಪ್ರತಿ ಪಿಕ್ಸೆಲ್ಲಿಗೆ ಮೂರು ಬೈಟ್ ಬಳಸಿದರೆ ಆ ಒಂದು ಚಿತ್ರಕ್ಕೇ ಸುಮಾರು 6.2 ಮೆಗಾಬೈಟ್ ಬೇಕು. ಸೆಕೆಂಡಿಗೆ 25 ಫ್ರೇಮಿನಂತೆ ಲೆಕ್ಕ ಹಾಕಿದರೆ ಒಂದು ನಿಮಿಷಕ್ಕೆ 9.3 ಗಿಗಾಬೈಟ್ ಆಗುತ್ತದೆ. ಅದೇ ಒಂದು ನಿಮಿಷ ಸೆಕೆಂಡಿಗೆ 5 ಮೆಗಾಬಿಟ್‌ಗಳ ಎಚ್.264 ಕಡತದಲ್ಲಿ 37.5 ಮೆಗಾಬೈಟಿನಲ್ಲಿ ಅಡಗಿಬಿಡುತ್ತದೆ. ನಡುವಿನ ಈ ಅಗಾಧ ಅಂತರ ತುಂಬಿಕೊಳ್ಳುವುದು ಮುಖ್ಯವಾಗಿ ಮೂರು ಕಡೆಯಿಂದ.

ಮೊದಲನೆಯದು ಬಣ್ಣ. ಕಣ್ಣು ಬೆಳಕಿನ ಏರಿಳಿತವನ್ನು ಗುರುತಿಸುವಷ್ಟು ನಿಖರವಾಗಿ ಬಣ್ಣದ ಏರಿಳಿತವನ್ನು ಗುರುತಿಸಲಾರದು; ಹಾಗಾಗಿ ಬಹುತೇಕ ವಿಡಿಯೊಗಳಲ್ಲಿ ಬೆಳಕಿನ ಮಾಹಿತಿಯನ್ನು ಪ್ರತಿ ಪಿಕ್ಸೆಲ್ಲಿಗೂ, ಬಣ್ಣದ ಮಾಹಿತಿಯನ್ನು ನಾಲ್ಕು ಪಿಕ್ಸೆಲ್‌ಗಳಿಗೆ ಒಂದರಂತೆಯೂ ಇಡುತ್ತಾರೆ. 4:2:0 ಎಂದು ಬರೆಯುವ ಈ ಏರ್ಪಾಡಿನಿಂದಲೇ ಗಾತ್ರ ಅರ್ಧಕ್ಕಿಳಿಯುತ್ತದೆ. ಎರಡನೆಯದು ಫ್ರೇಮ್‌ಗಳ ನಡುವಿನ ಹೋಲಿಕೆ. ಒಂದು ಫ್ರೇಮಿಗೂ ಅದರ ಮುಂದಿನದಕ್ಕೂ ಸಾಮಾನ್ಯವಾಗಿ ಅಲ್ಪ ವ್ಯತ್ಯಾಸವಷ್ಟೇ ಇರುತ್ತದೆ. ಆದ್ದರಿಂದ ಎನ್‌ಕೋಡರ್ ಆಗಾಗ ಒಂದು ಪೂರ್ಣ ಚಿತ್ರವನ್ನು, ಅಂದರೆ ಕೀಫ್ರೇಮನ್ನು ಇಟ್ಟು, ಅದರ ನಂತರದವುಗಳಲ್ಲಿ ಯಾವ ಭಾಗ ಎತ್ತ ಸರಿಯಿತು, ಹೊಸದಾಗಿ ಏನು ಬಂತು ಎಂಬುದನ್ನು ಮಾತ್ರ ಬರೆದುಕೊಳ್ಳುತ್ತದೆ. ಮೂರನೆಯದು ಸೂಕ್ಷ್ಮ ವಿವರಗಳನ್ನು ದುಂಡು ಅಂಕಿಗಳಿಗೆ ಇಳಿಸುವುದು. ಇದನ್ನು ಕ್ವಾಂಟೈಸೇಶನ್ ಎನ್ನುತ್ತಾರೆ. ಗುಣಮಟ್ಟದ ನಿಜವಾದ ನಷ್ಟ ಆಗುವುದು ಇಲ್ಲಿಯೇ. ಹೀಗೆ ಹೋದ ವಿವರವನ್ನು ಮತ್ತೆ ಯಾವ ತಂತ್ರಾಂಶವೂ ಕಡತದಿಂದ ಹೊರತೆಗೆಯಲಾರದು. ಎನ್‌ಕೋಡ್ ಆದದ್ದನ್ನು ಮತ್ತೆ ಎನ್‌ಕೋಡ್ ಮಾಡಿದಾಗಲೆಲ್ಲ ಇನ್ನಷ್ಟು ಹೋಗುತ್ತದೆ. ಸಾಧ್ಯವಾದಷ್ಟೂ ಮೂಲ ಕಡತದಿಂದಲೇ, ಒಂದೇ ಸಲ ಎನ್‌ಕೋಡ್ ಮಾಡಬೇಕು ಎನ್ನುವುದಕ್ಕೆ ಇದೇ ಕಾರಣ.

ಎಲ್ಲಿ ಓಡಬೇಕು ಎಂಬುದರಿಂದ ಕೋಡೆಕ್

2003ರಲ್ಲಿ ಮೊದಲ ಆವೃತ್ತಿ ಸಿದ್ಧವಾದ ಎಚ್.264 ಇಂದಿಗೂ ಎಲ್ಲಕ್ಕಿಂತ ಹೆಚ್ಚು ಸಾಧನಗಳಲ್ಲಿ ಓಡುವ ಕೋಡೆಕ್. ಯಾರ ಬಳಿ ಯಾವ ಫೋನು, ಯಾವ ಟಿವಿ ಇದೆಯೋ ತಿಳಿಯದು ಎಂಬ ಸ್ಥಿತಿಯಲ್ಲಿ ಎಂಪಿ4 ಕಂಟೇನರ್, ಎಚ್.264 ಚಿತ್ರ, ಎಎಸಿ ಧ್ವನಿ ಎಂಬ ಜೋಡಣೆಯನ್ನು ಆರಿಸಿದರೆ ತಪ್ಪಾಗುವುದು ಅಪರೂಪ. ಆದರೆ ಅದರಲ್ಲೂ ಬಣ್ಣ 8 ಬಿಟ್ 4:2:0 ಆಗಿರಬೇಕು. 10 ಬಿಟ್‌ನ ಎಚ್.264 ಕಡತವನ್ನು ಕಂಪ್ಯೂಟರ್ ಸಲೀಸಾಗಿ ಓಡಿಸಿದರೂ ಟಿವಿ ಮತ್ತು ಫೋನುಗಳಲ್ಲಿರುವ ಡಿಕೋಡರ್ ಚಿಪ್‌ಗಳು ಸಾಮಾನ್ಯವಾಗಿ ಕೈಚೆಲ್ಲುತ್ತವೆ.

2013ರಲ್ಲಿ ಬಂದ ಎಚ್‌ಇವಿಸಿ ಅಷ್ಟೇ ಗುಣಮಟ್ಟವನ್ನು ಕಡಿಮೆ ಗಾತ್ರದಲ್ಲಿ ಕೊಡುತ್ತದೆ. ಅದರ ಲಾಭ ಎದ್ದು ಕಾಣುವುದು 4ಕೆ ವಿಡಿಯೊಗಳಲ್ಲಿ. 2017ರ ಐಒಎಸ್ 11ರ ನಂತರ ಐಫೋನ್‌ಗಳು ಎಚ್‌ಇವಿಸಿಯಲ್ಲೇ ಚಿತ್ರೀಕರಿಸತೊಡಗಿದ್ದರಿಂದ, ಹೆಸರೇ ಕೇಳಿರದವರ ಬಳಿಯೂ ಈ ಕೋಡೆಕ್‌ನ ಕಡತಗಳು ಬಂದು ಸೇರಿವೆ. ಇದರ ಪೇಟೆಂಟ್ ಪರವಾನಗಿ ಗೋಜಲಾದದ್ದರಿಂದ ಬ್ರೌಸರ್‌ಗಳಲ್ಲಿ ಇದಕ್ಕೆ ಬೆಂಬಲ ನಿಧಾನವಾಗಿ ಬಂದಿತು. ಆ ಗೋಜಲನ್ನು ತಪ್ಪಿಸಲೆಂದೇ ಹಲವು ಕಂಪನಿಗಳು 2015ರಲ್ಲಿ ಅಲೈಯನ್ಸ್ ಫಾರ್ ಓಪನ್ ಮೀಡಿಯಾ ಎಂಬ ಕೂಟ ಕಟ್ಟಿಕೊಂಡು, 2018ರಲ್ಲಿ ಎವಿ1 ಕೋಡೆಕ್ ಹೊರತಂದವು. ಎವಿ1 ಇನ್ನೂ ಚಿಕ್ಕ ಕಡತ ಕೊಡುತ್ತದೆ, ಆದರೆ ಎನ್‌ಕೋಡಿಂಗ್‌ಗೆ ಹೆಚ್ಚು ಶ್ರಮ ಬೇಡುತ್ತದೆ, ಹಳೆಯ ಸಾಧನಗಳು ಇದನ್ನು ಓಡಿಸಲು ತಿಣುಕುತ್ತವೆ. ಸ್ವಂತ ಸಂಗ್ರಹಕ್ಕೆ, ಹೊಸ ಸಾಧನಗಳಲ್ಲಿ ಮಾತ್ರ ನೋಡುವುದಕ್ಕೆ ಎವಿ1 ಅಥವಾ ಎಚ್‌ಇವಿಸಿ. ಇತರರಿಗೆ ಕಳುಹಿಸುವುದಕ್ಕೆ ಎಚ್.264. ಸದ್ಯಕ್ಕೆ ಇದಕ್ಕಿಂತ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ.

ಮೂಲ ಹೇಗಿದೆ ಎಂಬುದರಿಂದ ಫಿಲ್ಟರ್

ಫಿಲ್ಟರ್ ಎಂದರೆ ಎನ್‌ಕೋಡರಿಗೆ ತಲುಪುವ ಮುನ್ನ ಪ್ರತಿ ಫ್ರೇಮಿನ ಮೇಲೂ ನಡೆಯುವ ಒಂದು ಕ್ರಿಯೆ: ಕತ್ತರಿಸುವುದು, ಅಳತೆ ಬದಲಿಸುವುದು, ಕಾಳುಕಾಳಾದ ಮಚ್ಚೆ ತೆಗೆಯುವುದು, ಅಡ್ಡಗೆರೆ ಬಿಡಿಸುವುದು ಇತ್ಯಾದಿ. ಮೊಬೈಲಿನಲ್ಲಿ ತೆಗೆದ ಶುಭ್ರವಾದ ವಿಡಿಯೊಗೆ ಅಳತೆ ಬದಲಾವಣೆಯ ಹೊರತಾಗಿ ಸಾಮಾನ್ಯವಾಗಿ ಏನೂ ಬೇಡ. ಫಿಲ್ಟರ್ ಪಟ್ಟಿಯಲ್ಲಿ ಹೆಸರಿದೆ ಎಂಬ ಒಂದೇ ಕಾರಣಕ್ಕೆ ಎಲ್ಲವನ್ನೂ ಚಾಲೂ ಮಾಡುವುದರಿಂದ ಚಿತ್ರ ಹಾಳಾಗುವುದೇ ಹೆಚ್ಚು. ಫಿಲ್ಟರ್‌ಗಳ ನಿಜವಾದ ಅಗತ್ಯ ಕಾಣುವುದು ಹಳೆಯ ಮೂಲಗಳಲ್ಲಿ. ಅದಕ್ಕಾಗಿ ಪಾಲ್ ಎಂಬ ಟಿವಿ ಪದ್ಧತಿಯ ವಿಎಚ್‌ಎಸ್ ಕ್ಯಾಸೆಟ್ಟಿನಿಂದ ಇಳಿಸಿಕೊಂಡ, 720×576 ಅಳತೆಯ ಒಂದು ಕಡತವನ್ನು ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ.

ಆ ಕಡತವನ್ನು ನಿಲ್ಲಿಸಿ ಒಂದು ಫ್ರೇಮನ್ನು ಹಿಗ್ಗಿಸಿ ನೋಡಿದರೆ, ನಿಶ್ಚಲವಾದ ಗೋಡೆ, ಕಿಟಕಿಗಳು ಸರಿಯಾಗಿವೆ. ಬೀಸುತ್ತಿರುವ ಕೈಯ ಅಂಚು ಮಾತ್ರ ಒಂದು ಸಾಲು ಬಿಟ್ಟು ಒಂದು ಸಾಲು ಎಡಕ್ಕೂ ಬಲಕ್ಕೂ ಸರಿದಿದೆ. ಕಾರಣವೇನೆಂದರೆ ಇಂಟರ್‌ಲೇಸ್ಡ್ ವಿಡಿಯೊದಲ್ಲಿ ಒಂದು ಫ್ರೇಮ್ ಒಂದೇ ಕ್ಷಣದ ಚಿತ್ರವಲ್ಲ. 576 ಸಾಲುಗಳಲ್ಲಿ ಬೆಸ ಸಂಖ್ಯೆಯ 288 ಸಾಲುಗಳು ಒಂದು ಕ್ಷಣದವು, ಸಮ ಸಂಖ್ಯೆಯ 288 ಸಾಲುಗಳು ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಆಚೀಚಿನವು. ಈ ಅರ್ಧ ಚಿತ್ರಗಳಿಗೆ ಫೀಲ್ಡ್ ಎಂದು ಹೆಸರು. ಹಳೆಯ ಟಿವಿಗಳು ಒಂದಾದ ಮೇಲೊಂದು ಫೀಲ್ಡನ್ನು ಮೂಡಿಸುತ್ತಿದ್ದುದರಿಂದ ಅಲ್ಲಿ ತೊಂದರೆ ಕಾಣುತ್ತಿರಲಿಲ್ಲ. ಇಂದಿನ ಪರದೆಗಳು ಎರಡನ್ನೂ ಒಟ್ಟಿಗೆ ತೋರಿಸುವುದರಿಂದ ಗೆರೆಗಳು ಎದ್ದುಕಾಣುತ್ತವೆ.

ಇವನ್ನು ಬಿಡಿಸುವ ಫಿಲ್ಟರ್ ಡೀಇಂಟರ್‌ಲೇಸರ್. ಯಾಡಿಫ್, ಬಿಡಬ್ಲ್ಯುಡಿಐಎಫ್ ಎಂಬವು ಬೇಗ ಕೆಲಸ ಮಾಡುತ್ತವೆ, ಬಹಳಷ್ಟು ತಂತ್ರಾಂಶಗಳಲ್ಲಿ ಸಿಗುತ್ತವೆ. ಸ್ಕ್ರಿಪ್ಟ್ ಬರೆದು ವಿಡಿಯೊವನ್ನು ಸಂಸ್ಕರಿಸುವ ಎವಿಸಿಂತ್ ಮತ್ತು ವೇಪರ್‌ಸಿಂತ್ ತಂತ್ರಾಂಶಗಳನ್ನು ಬಳಸುವವರು ಕ್ಯೂಟಿಜಿಎಂಸಿ ಎಂಬುದನ್ನು ಬಯಸುತ್ತಾರೆ. ಅದು ನಿಧಾನ, ಆದರೆ ಕ್ಯಾಸೆಟ್ಟಿನ ಚಿತ್ರಕ್ಕೆ ಅದರ ಫಲಿತಾಂಶ ಬಹಳ ಚೊಕ್ಕ. ಇಲ್ಲಿ ಸುಲಭವಾಗಿ ಕಣ್ತಪ್ಪುವ ಒಂದು ಆಯ್ಕೆಯಿದೆ. ಎರಡು ಫೀಲ್ಡ್‌ಗಳಿಂದ ಒಂದು ಫ್ರೇಮ್ ಮಾಡಿದರೆ ಸೆಕೆಂಡಿಗೆ 25 ಫ್ರೇಮ್ ಸಿಗುತ್ತದೆ. ಪ್ರತಿ ಫೀಲ್ಡಿನಿಂದಲೂ ಒಂದೊಂದು ಪೂರ್ಣ ಫ್ರೇಮ್ ಮಾಡಿದರೆ 50 ಸಿಗುತ್ತದೆ. ಮೂಲದಲ್ಲಿದ್ದ ಚಲನೆಯ ನಯ ಪೂರ್ತಿ ಉಳಿಯುವುದು ಎರಡನೆಯದರಲ್ಲಿ. ನೃತ್ಯ, ಆಟಗಳ ದೃಶ್ಯಗಳಿಗೆ 50 ಫ್ರೇಮ್ ಇಡುವುದೇ ಸರಿ.

ಎಲ್ಲ ಗೆರೆಗಳಿಗೂ ಇದೇ ಮದ್ದಲ್ಲ. ಸೆಕೆಂಡಿಗೆ 24 ಫ್ರೇಮಿನ ಸಿನಿಮಾವನ್ನು ಸೆಕೆಂಡಿಗೆ ಸುಮಾರು 30 ಫ್ರೇಮಿನ ಎನ್‌ಟಿಎಸ್‌ಸಿ ಪದ್ಧತಿಯ ಟಿವಿಗೆ ಹೊಂದಿಸುವಾಗ ಕೆಲವು ಫೀಲ್ಡ್‌ಗಳನ್ನು ಎರಡು ಸಲ ಬಳಸುತ್ತಿದ್ದರು. ಆಗ ಪ್ರತಿ ಐದು ಫ್ರೇಮ್‌ಗಳಲ್ಲಿ ಮೂರು ಚೊಕ್ಕವಾಗಿಯೂ ಎರಡು ಗೆರೆಬಿದ್ದೂ ಕಾಣುತ್ತವೆ. ಇಂಥ ಕಡತಕ್ಕೆ ಡೀಇಂಟರ್‌ಲೇಸರ್ ಹಾಕಿದರೆ ಇದ್ದ ವಿವರವೂ ಹೋಗುತ್ತದೆ. ಇನ್ವರ್ಸ್ ಟೆಲಿಸಿನಿ ಎಂಬ ಫಿಲ್ಟರ್ ಹಾಕಿದರೆ ಮೂಲದ ಫ್ರೇಮ್‌ಗಳು ಹಾಗೆಯೇ ಮರಳಿ ಸಿಗುತ್ತವೆ.

ಮತ್ತೆ ನಮ್ಮ ಕ್ಯಾಸೆಟ್ ಕಡತಕ್ಕೆ ಬರೋಣ. ಚಿತ್ರದ ತೀರಾ ಕೆಳಗಿನ ಕೆಲವು ಸಾಲುಗಳು ಓರೆಯಾಗಿ ಹರಿದಂತೆ ನಡುಗುತ್ತಿರುತ್ತವೆ. ವಿಎಚ್‌ಎಸ್ ಯಂತ್ರದಲ್ಲಿ ಟೇಪನ್ನು ಓದುವ ಹೆಡ್ ಬದಲಾಗುವ ಜಾಗದ ಗುರುತು ಅದು. ಎಡಬಲಗಳಲ್ಲಿ ಕಪ್ಪು ಪಟ್ಟಿಗಳೂ ಇರುವುದುಂಟು. ಕ್ರಾಪ್ ಫಿಲ್ಟರಿನಿಂದ ಇವನ್ನು ಕತ್ತರಿಸಿದರೆ ನೋಟವೂ ಹಸನಾಗುತ್ತದೆ, ಆ ನಡುಕವನ್ನು ದಾಖಲಿಸಲು ಎನ್‌ಕೋಡರ್ ಬಿಟ್‌ಗಳನ್ನು ಸುರಿಯುವುದೂ ತಪ್ಪುತ್ತದೆ.

ನಂತರದ್ದು ಕಾಳುಕಾಳಾದ ಮಚ್ಚೆಗಳು, ಅಂದರೆ ನಾಯ್ಸ್. ಒಂದು ಫ್ರೇಮಿನ ಕಾಳುಗಳಿಗೂ ಮುಂದಿನದರ ಕಾಳುಗಳಿಗೂ ಯಾವ ಸಂಬಂಧವೂ ಇಲ್ಲದಿರುವುದರಿಂದ, ಫ್ರೇಮ್‌ಗಳ ಹೋಲಿಕೆಯನ್ನೇ ನೆಚ್ಚಿಕೊಂಡ ಎನ್‌ಕೋಡರ್ ಇಲ್ಲಿ ಕಂಗೆಡುತ್ತದೆ, ಕಡತ ಊದಿಕೊಳ್ಳುತ್ತದೆ. ಕಾಳು ತೆಗೆಯುವ ಫಿಲ್ಟರ್‌ಗಳಲ್ಲಿ ಎಚ್‌ಕ್ಯೂಡಿಎನ್3ಡಿ ಹಗುರ, ಎನ್‌ಎಲ್‌ಮೀನ್ಸ್ ನಿಧಾನ ಮತ್ತು ಹೆಚ್ಚು ಸೂಕ್ಷ್ಮ. ಇವನ್ನು ಮೃದು ಮಟ್ಟದಲ್ಲಿ ಬಳಸಿದರೆ ಗಾತ್ರ ಗಣನೀಯವಾಗಿ ಇಳಿಯುತ್ತದೆ. ಬಲವಾಗಿ ಬಳಸಿದರೆ ಕಾಳಿನ ಜೊತೆಗೆ ಕೂದಲಿನ ಎಳೆ, ಬಟ್ಟೆಯ ನೇಯ್ಗೆ, ಮುಖದ ಸುಕ್ಕು ಎಲ್ಲವೂ ಅಳಿಸಿಹೋಗುತ್ತವೆ. ಹಳೆಯ ಕುಟುಂಬ ದೃಶ್ಯಗಳಲ್ಲಿ ತುಸು ಕಾಳು ಉಳಿದರೆ ನಷ್ಟವಿಲ್ಲ, ಮುಖ ಉಳಿಯಬೇಕು.

ಕೊನೆಗೆ ಅಳತೆ. 720×576 ಎಂಬುದು 4:3 ಪ್ರಮಾಣವಲ್ಲ. ಈ ಪದ್ಧತಿಯಲ್ಲಿ ಪಿಕ್ಸೆಲ್‌ಗಳು ಚೌಕವಾಗಿಲ್ಲ. ಚೌಕ ಪಿಕ್ಸೆಲ್‌ಗಳಿಗೆ ತರುವಾಗ ಇಡೀ ಫ್ರೇಮ್ 768×576 ಆಗುತ್ತದೆ, ಕತ್ತರಿಸಿದ್ದಿದ್ದರೆ ಅದೇ ಅನುಪಾತದಲ್ಲಿ ಕಡಿಮೆಯಾಗುತ್ತದೆ. ಇದನ್ನು ಗಮನಿಸದಿದ್ದರೆ ಎಲ್ಲರೂ ತುಸು ಕಿರಿದಾಗಿ ಕಾಣುತ್ತಾರೆ. ಅಗಲ, ಎತ್ತರ ಎರಡೂ ಸಮಸಂಖ್ಯೆಯಾಗಿರಬೇಕು. ಬಣ್ಣವನ್ನು ನಾಲ್ಕು ಪಿಕ್ಸೆಲ್‌ಗಳ ಚೌಕಕ್ಕೆ ಒಂದರಂತೆ ಇಡುವುದರಿಂದ ಬಂದ ನಿಯಮ ಇದು. ಅಳತೆ ಬದಲಿಸುವ ವಿಧಾನಗಳಲ್ಲಿ ಬೈಕ್ಯೂಬಿಕ್ ಮೃದು, ಲಾಂಕ್ಜೋಸ್ ಹೆಚ್ಚು ಚೂಪು. 576 ಸಾಲುಗಳ ಚಿತ್ರವನ್ನು 1080ಕ್ಕೆ ಹಿಗ್ಗಿಸುವುದರಿಂದ ಹೊಸ ವಿವರವೇನೂ ಹುಟ್ಟುವುದಿಲ್ಲ, ಕಡತ ಮಾತ್ರ ದೊಡ್ಡದಾಗುತ್ತದೆ.

ಈ ಕ್ರಮ ಆಕಸ್ಮಿಕವಲ್ಲ. ಗೆರೆ ಬಿಡಿಸುವ ಮುನ್ನವೇ ಎತ್ತರ ಬದಲಿಸಿದರೆ ಎರಡು ಫೀಲ್ಡ್‌ಗಳ ಸಾಲುಗಳು ಒಂದರೊಳಗೊಂದು ಬೆರೆತುಹೋಗುತ್ತವೆ, ಆಮೇಲೆ ಅವನ್ನು ಬಿಡಿಸುವ ದಾರಿಯೇ ಇರುವುದಿಲ್ಲ. ಚೂಪುಗೊಳಿಸುವ ಫಿಲ್ಟರನ್ನು ಕಾಳು ತೆಗೆಯುವ ಮುನ್ನ ಹಾಕಿದರೆ ಕಾಳುಗಳೇ ಚೂಪಾಗುತ್ತವೆ. ಆದ್ದರಿಂದ ಮೊದಲು ಡೀಇಂಟರ್‌ಲೇಸ್, ಆಮೇಲೆ ಕ್ರಾಪ್, ಆಮೇಲೆ ನಾಯ್ಸ್, ಆಮೇಲೆ ಅಳತೆ, ಬೇಕೇಬೇಕು ಎಂದರೆ ಕೊನೆಯಲ್ಲಿ ಚೂಪು.

ಹೊಸ ಮೂಲಗಳಲ್ಲಿ ಬರುವ ಒಂದು ತೊಡಕನ್ನೂ ಹೇಳಬೇಕು. ಎಚ್‌ಡಿಆರ್‌ನಲ್ಲಿ, ಅಂದರೆ ಬೆಳಕು ನೆರಳಿನ ಹೆಚ್ಚು ವಿಶಾಲ ವ್ಯಾಪ್ತಿಯಲ್ಲಿ ಚಿತ್ರೀಕರಿಸಿದ ವಿಡಿಯೊವನ್ನು ಸಾಮಾನ್ಯ ಎಚ್.264ಕ್ಕೆ ನೇರವಾಗಿ ಇಳಿಸಿದರೆ ಬಣ್ಣಗಳು ಬೂದು ಹಿಡಿದಂತೆ ಮಂಕಾಗುತ್ತವೆ. ಆ ವ್ಯಾಪ್ತಿಯನ್ನು ಸಾಮಾನ್ಯ ಪರದೆಗೆ ಹೊಂದಿಸುವ ಟೋನ್ ಮ್ಯಾಪಿಂಗ್ ಫಿಲ್ಟರ್ ಬೇಕಾಗುವುದು ಆಗಲೇ.

ಗುಣಮಟ್ಟ ಹಿಡಿಯುವುದೋ, ಗಾತ್ರ ಹಿಡಿಯುವುದೋ

ಎನ್‌ಕೋಡರಿಗೆ ಎರಡು ಬಗೆಯಲ್ಲಿ ಸೂಚನೆ ಕೊಡಬಹುದು. ಇಂತಿಷ್ಟು ಗುಣಮಟ್ಟ ಇರಲಿ, ಗಾತ್ರ ಎಷ್ಟಾದರೂ ಆಗಲಿ ಎನ್ನುವುದು ಒಂದು. ಇದನ್ನು ಸಿಆರ್‌ಎಫ್ ಎಂಬ ಅಂಕಿಯಿಂದ ಹೇಳುತ್ತಾರೆ. ಎಚ್.264 ಕಡತಗಳನ್ನು ತಯಾರಿಸುವ ಎಕ್ಸ್264 ಎನ್‌ಕೋಡರಿನಲ್ಲಿ 8 ಬಿಟ್ ವಿಡಿಯೊಗೆ ಇದು 0ಯಿಂದ 51ರವರೆಗೆ ಇದ್ದು, ಬೇರೇನೂ ಹೇಳದಿದ್ದರೆ 23 ಆಗಿರುತ್ತದೆ. ಅಂಕಿ ಕಡಿಮೆಯಾದಷ್ಟೂ ಗುಣಮಟ್ಟ ಹೆಚ್ಚು. ಆರು ಅಂಕಿ ಇಳಿಸಿದರೆ ಗಾತ್ರ ಸುಮಾರು ಎರಡು ಪಟ್ಟಾಗುತ್ತದೆ. 1080 ಸಾಲಿನ ವಿಡಿಯೊಗೆ 20ರಿಂದ 24ರ ನಡುವೆ ಆರಂಭಿಸುವುದು ವಾಡಿಕೆ. ಒಂದು ಎನ್‌ಕೋಡರಿನ ಅಂಕಿಯನ್ನು ಇನ್ನೊಂದಕ್ಕೆ ಹೊರಿಸಬಾರದು: ಎಚ್‌ಇವಿಸಿಯ ಎಕ್ಸ್265ರಲ್ಲಿ ಸಹಜ ಅಂಕಿ 28, ಎವಿ1ರಲ್ಲಿ ಮಾಪನವೇ 63ರವರೆಗೆ ಹೋಗುತ್ತದೆ.

ಕಳುಹಿಸುವ ಮಿತಿ 100 ಮೆಗಾಬೈಟ್ ಎಂಬಂಥ ಷರತ್ತಿದ್ದಾಗ ಮಾತ್ರ ಎರಡನೆಯ ಬಗೆ, ಅಂದರೆ ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಬಿಟ್ ಎಂಬುದು) ನಿಗದಿಪಡಿಸಿ ಎರಡು ಸುತ್ತಿನಲ್ಲಿ ಎನ್‌ಕೋಡ್ ಮಾಡುವುದು ಸೂಕ್ತ. ಮೊದಲ ಸುತ್ತಿನಲ್ಲಿ ದೃಶ್ಯಗಳು ಎಲ್ಲೆಲ್ಲಿ ಜಟಿಲ ಎಂದು ಅಳೆದು, ಎರಡನೆಯದರಲ್ಲಿ ಬಿಟ್‌ಗಳನ್ನು ಹಂಚಲಾಗುತ್ತದೆ. ಲೆಕ್ಕ ಸರಳ: 100 ಮೆಗಾಬೈಟ್ ಎಂದರೆ 8,00,000 ಕಿಲೊಬಿಟ್, ಹತ್ತು ನಿಮಿಷದ 600 ಸೆಕೆಂಡಿನಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 1,333. ಧ್ವನಿಗೆ 128 ಕಳೆದು, ಕಂಟೇನರಿಗೂ ಸ್ವಲ್ಪ ಬಿಟ್ಟರೆ ಚಿತ್ರಕ್ಕೆ 1,180ರಷ್ಟು ಉಳಿಯುತ್ತದೆ. ಚಲನೆ ಹೆಚ್ಚಿರುವ 1080 ಸಾಲಿನ ಚಿತ್ರಕ್ಕೆ ಇದು ಸಾಲದು. 1280×720ಕ್ಕೆ ಇಳಿಸಿದರೆ ನೋಡುವಂತಿರುತ್ತದೆ.

ಪ್ರಿಸೆಟ್ ಎಂಬ ಇನ್ನೊಂದು ಆಯ್ಕೆ ಎನ್‌ಕೋಡರ್ ಎಷ್ಟು ಹೊತ್ತು ಹುಡುಕಾಡಬೇಕು ಎಂಬುದನ್ನು ಹೇಳುತ್ತದೆ. ನಿಧಾನವಾದಷ್ಟೂ ಅದೇ ಗುಣಮಟ್ಟಕ್ಕೆ ಚಿಕ್ಕ ಕಡತ. ಮೀಡಿಯಂ ಅಥವಾ ಸ್ಲೋ ಸಾಕು. ಪ್ಲಸೀಬೊ ಎಂದು ತಯಾರಕರೇ ತಮಾಷೆಯ ಹೆಸರಿಟ್ಟ ಅತಿ ನಿಧಾನದ ಮಟ್ಟದಿಂದ ಹೆಚ್ಚಿನ ಲಾಭವಿಲ್ಲ. ಗ್ರಾಫಿಕ್ಸ್ ಚಿಪ್‌ನಲ್ಲೇ ನಡೆಯುವ ಎನ್‌ವೆಂಕ್, ಕ್ವಿಕ್ ಸಿಂಕ್‌ನಂಥವು ಬಹಳ ವೇಗ, ಆದರೆ ಅದೇ ಗಾತ್ರದಲ್ಲಿ ಸಿಪಿಯುವಿನ ನಿಧಾನ ಎನ್‌ಕೋಡಿಂಗ್ ಸಾಮಾನ್ಯವಾಗಿ ಮೇಲುಗೈ ಪಡೆಯುತ್ತದೆ. ನೇರಪ್ರಸಾರಕ್ಕೆ ಚಿಪ್, ಕಾಯ್ದಿಡುವುದಕ್ಕೆ ಸಿಪಿಯು ಎಂಬ ವಿಂಗಡಣೆ ಇನ್ನೂ ಅರ್ಥಪೂರ್ಣ.

ಯಾವ ಕೆಲಸಕ್ಕೆ ಯಾವ ತಂತ್ರಾಂಶ

ಈಗ ತಂತ್ರಾಂಶದ ಮಾತು. ಹೆಚ್ಚಿನ ಓದುಗರಿಗೆ ಹ್ಯಾಂಡ್‌ಬ್ರೇಕ್ ಸಾಕಾಗುತ್ತದೆ. ಇದು ಉಚಿತ, ಮುಕ್ತ ಆಕರದ್ದು, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಮೇಲೆ ಹೇಳಿದ ಮುಖ್ಯ ಫಿಲ್ಟರ್‌ಗಳು ಇದರಲ್ಲಿವೆ, ಅವುಗಳ ಕ್ರಮವನ್ನು ಅದೇ ನೋಡಿಕೊಳ್ಳುತ್ತದೆ, ಕಪ್ಪು ಪಟ್ಟಿಗಳನ್ನು ತಾನೇ ಗುರುತಿಸುತ್ತದೆ. ಎರಡು ಮಿತಿಗಳನ್ನು ನೆನಪಿಡಬೇಕು. ಚಿತ್ರವನ್ನು ಬದಲಿಸದೆ ಬರೀ ಕಂಟೇನರ್ ಬದಲಿಸುವುದು ಇದರಿಂದ ಆಗದು. ಇನ್ನೊಂದು, ಫಾಸ್ಟ್ 1080ಪಿ30 ಎಂಬ ಸಿದ್ಧ ಆಯ್ಕೆಯ ಹೆಸರಿನ ಕೊನೆಯ 30 ಎಂಬುದು ಫ್ರೇಮ್‌ಗಳ ಗರಿಷ್ಠ ಮಿತಿ. ಕ್ಯಾಸೆಟ್ಟಿನಿಂದ ಕಷ್ಟಪಟ್ಟು 50 ಫ್ರೇಮ್ ಪಡೆದರೂ ಇದನ್ನು ಬದಲಿಸದಿದ್ದರೆ ಅಷ್ಟೂ ಉಳಿಯುವುದಿಲ್ಲ.

ಎಫ್‌ಎಫ್‌ಎಂಪೆಗ್ 2000ದಲ್ಲಿ ಫಾಬ್ರೀಸ್ ಬೆಲ್ಲಾರ್ ಆರಂಭಿಸಿದ ಯೋಜನೆ. ಬೇರೆ ಬೇರೆ ಹೆಸರಿನ ಎಷ್ಟೋ ತಂತ್ರಾಂಶಗಳ ಒಳಗೆ ದುಡಿಯುತ್ತಿರುವುದು ಇದೇ. ಇದಕ್ಕೆ ಗುಂಡಿಗಳಿಲ್ಲ, ಆಜ್ಞೆಗಳನ್ನು ಟೈಪಿಸಬೇಕು. ರೀಮಕ್ಸಿಂಗ್, ನೂರಾರು ಕಡತಗಳನ್ನು ಒಂದೇ ಬಗೆಯಲ್ಲಿ ಪರಿವರ್ತಿಸುವುದು, ಫಿಲ್ಟರ್‌ಗಳ ಸರಣಿಯನ್ನು ತಾನೇ ಹೆಣೆಯುವುದು ಇವಕ್ಕೆಲ್ಲ ಇದಕ್ಕೆ ಸಾಟಿಯಿಲ್ಲ. ಬರೆದ ಕ್ರಮದಲ್ಲೇ ಫಿಲ್ಟರ್‌ಗಳು ನಡೆಯುವುದರಿಂದ ಹೊಣೆ ಬರೆದವರದೇ. ಟೈಪಿಸಲು ಹಿಂಜರಿಯುವವರಿಗೆ ಇದೇ ಎಂಜಿನ್ ಮೇಲೆ ಕಟ್ಟಿದ ಶಟರ್ ಎನ್‌ಕೋಡರ್ ಇದೆ. ವಿಡಿಯೊದ ತುದಿಗಳನ್ನಷ್ಟೇ ಕತ್ತರಿಸಬೇಕಿದ್ದರೆ ಲಾಸ್‌ಲೆಸ್‌ಕಟ್ ಹೊಸ ಎನ್‌ಕೋಡಿಂಗ್ ಇಲ್ಲದೆ ಕತ್ತರಿಸುತ್ತದೆ, ಆದರೆ ಕತ್ತರಿ ಸಾಮಾನ್ಯವಾಗಿ ಹತ್ತಿರದ ಕೀಫ್ರೇಮಿಗೆ ಹೋಗಿ ನಿಲ್ಲುತ್ತದೆ. ಕ್ಯಾಸೆಟ್ ಪುನಶ್ಚೇತನವನ್ನೇ ಮನಸ್ಸಿಟ್ಟು ಮಾಡುವವರು ಎವಿಸಿಂತ್, ವೇಪರ್‌ಸಿಂತ್, ವರ್ಚುವಲ್‌ಡಬ್2 ಕಲಿಯುವುದು ಸಾರ್ಥಕ. ಜಾಲತಾಣಗಳಲ್ಲಿ ಅಪ್‌ಲೋಡ್ ಮಾಡಿ ಪರಿವರ್ತಿಸುವ ಸೇವೆಗಳಲ್ಲಿ ಯಾವ ಅಂಕಿ, ಯಾವ ಫಿಲ್ಟರ್ ಬಳಕೆಯಾಯಿತು ಎಂಬುದು ಹೆಚ್ಚಾಗಿ ತಿಳಿಯುವುದಿಲ್ಲ. ಖಾಸಗಿ ದೃಶ್ಯಗಳನ್ನು ಅಲ್ಲಿಗೆ ಕಳುಹಿಸದಿರುವುದೇ ಒಳಿತು.

ಪೂರ್ತಿ ಎನ್‌ಕೋಡಿಂಗ್‌ಗೆ ಮುನ್ನ ಮತ್ತು ನಂತರ

ಎರಡು ಗಂಟೆಯ ವಿಡಿಯೊವನ್ನು ಇಡೀ ರಾತ್ರಿ ಎನ್‌ಕೋಡಿಂಗ್‌ಗೆ ಹಚ್ಚುವ ಮುನ್ನ ಅರ್ಧ ನಿಮಿಷದ ಮೂರು ತುಣುಕುಗಳನ್ನು ಮಾಡಿ ನೋಡಬೇಕು: ಕತ್ತಲೆಯ ದೃಶ್ಯ ಒಂದು, ವೇಗದ ಚಲನೆಯದು ಒಂದು, ಎಲೆ ಅಥವಾ ಹುಲ್ಲಿನಂಥ ಸೂಕ್ಷ್ಮ ವಿವರದ್ದು ಒಂದು. ತಪ್ಪಾದ ಅಂಕಿ ಮೊದಲು ಸಿಕ್ಕಿಬೀಳುವುದು ಕತ್ತಲಲ್ಲಿ. ಮಬ್ಬು ಗೋಡೆಯ ಮೇಲೆ ನುಣುಪಾಗಿ ಹರಡಬೇಕಿದ್ದ ನೆರಳು ಪಟ್ಟಿಪಟ್ಟಿಯಾಗಿ ಒಡೆದು ನಿಲ್ಲುತ್ತದೆ. ನೆಟ್‌ಫ್ಲಿಕ್ಸ್ 2016ರಲ್ಲಿ ಬಿಡುಗಡೆ ಮಾಡಿದ ವಿಎಂಎಎಫ್ ಎಂಬ ಮಾಪನ 100ರವರೆಗಿನ ಅಂಕದಲ್ಲಿ ಗುಣಮಟ್ಟ ಹೇಳುತ್ತದೆ, ಎರಡು ಎನ್‌ಕೋಡರ್‌ಗಳನ್ನು ಹೋಲಿಸಲು ಅದು ಉಪಯುಕ್ತ. ಆದರೆ ಅದು ಅಳೆಯುವುದು ಕೊಟ್ಟ ಮೂಲಕ್ಕೆ ಎಷ್ಟು ಹತ್ತಿರ ಎಂಬುದನ್ನು. ಕಾಳು ತೆಗೆದು ಕಣ್ಣಿಗೆ ಹಿತವಾಗಿಸಿದ ಚಿತ್ರಕ್ಕೆ ಆ ಕಾಳಿನ ಮೂಲದೊಡನೆ ಹೋಲಿಸಿ ಅದು ಕಡಿಮೆ ಅಂಕ ಕೊಡಬಹುದು. ಫಿಲ್ಟರ್‌ನ ಬಗ್ಗೆ ತೀರ್ಪು ಕಣ್ಣಿನದೇ.

ಮುಗಿದ ಕಡತವನ್ನು ಅದು ಓಡಬೇಕಾದ ಸಾಧನದಲ್ಲೇ ತೆರೆದು, ಆರಂಭ ಮತ್ತು ನಡುವಿನ ಭಾಗಗಳ ಜೊತೆಗೆ ಕೊನೆಯ ಕೆಲವು ನಿಮಿಷಗಳನ್ನೂ ನೋಡಬೇಕು. ಫೋನುಗಳು ಬೆಳಕಿಗೆ ತಕ್ಕಂತೆ ಸೆಕೆಂಡಿನ ಫ್ರೇಮ್‌ಗಳ ಸಂಖ್ಯೆಯನ್ನು ಬದಲಿಸುತ್ತ ಚಿತ್ರೀಕರಿಸುವುದರಿಂದ, ಅದನ್ನು ಸರಿಯಾಗಿ ನಿಭಾಯಿಸದ ತಂತ್ರಾಂಶದಲ್ಲಿ ಧ್ವನಿ ಮತ್ತು ತುಟಿಯ ಚಲನೆ ಸ್ವಲ್ಪಸ್ವಲ್ಪವಾಗಿ ದೂರವಾಗುತ್ತ ಹೋಗುತ್ತವೆ. ಮೊದಲ ನಿಮಿಷದಲ್ಲಿ ಗೊತ್ತೇ ಆಗದ ಅಂತರ ಕೊನೆಯ ನಿಮಿಷದಲ್ಲಿ ಸ್ಪಷ್ಟವಾಗಿರುತ್ತದೆ. ಹಾಗೆ ಕಂಡರೆ ಫ್ರೇಮ್ ಸಂಖ್ಯೆಯನ್ನು ಸ್ಥಿರವಾಗಿರಿಸುವ ಆಯ್ಕೆಯನ್ನು ಚಾಲೂ ಮಾಡಿ ಮೂಲದಿಂದಲೇ ಮತ್ತೆ ಎನ್‌ಕೋಡ್ ಮಾಡಬೇಕು. ಈ ಪರೀಕ್ಷೆ ಮುಗಿಯುವವರೆಗೆ ಮೂಲ ಕಡತವನ್ನು ಅಳಿಸಬಾರದು. ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಮೂಲವಾದರೆ, ಯಾವ ನಷ್ಟವೂ ಇಲ್ಲದೆ ಗಾತ್ರ ಇಳಿಸುವ ಎಫ್‌ಎಫ್‌ವಿ1 ಕೋಡೆಕ್‌ನಲ್ಲಿ, ಗೆರೆಗಳನ್ನು ಬಿಡಿಸದ ಸ್ಥಿತಿಯಲ್ಲೇ ಒಂದು ಪ್ರತಿಯನ್ನು ಖಾಯಂ ಆಗಿ ಇಟ್ಟುಕೊಳ್ಳುವುದು ಉತ್ತಮ, ಏಕೆಂದರೆ ಮುಂದೆ ಇದಕ್ಕಿಂತ ಒಳ್ಳೆಯ ಡೀಇಂಟರ್‌ಲೇಸರ್ ಬಂದಾಗ ಅದಕ್ಕೆ ಬೇಕಾಗುವುದು ಆ ಪ್ರತಿಯೇ.